ಎಕಾನಮಿ 7

ಬ್ರಿಟನ್ನಿನ ಮನೆಗಳಿಗೆ ರಾತ್ರಿಯ ಏಳು ಗಂಟೆ ಅಗ್ಗದ ದರದಲ್ಲೂ ಉಳಿದ ಹದಿನೇಳು ಗಂಟೆ ದುಬಾರಿ ದರದಲ್ಲೂ ವಿದ್ಯುತ್ ಮಾರುವ ಪದ್ಧತಿ. 1978ರಲ್ಲಿ ಜಾರಿಗೆ ಬಂತು; ಹೆಸರಿನಲ್ಲಿರುವ 7 ಅಗ್ಗದ ಗಂಟೆಗಳ ಸಂಖ್ಯೆ. ರಾತ್ರಿ ಕರೆಂಟು ಎಳೆದು ಶಾಖವನ್ನು ಕೂಡಿಟ್ಟು ಹಗಲು ಬಿಟ್ಟುಕೊಡುವ ಸ್ಟೋರೇಜ್ ಹೀಟರ್ ಇದರ ಜೋಡಿ. ದರ, ಮೀಟರು, ಹೀಟರು ಮೂರೂ ಒಂದಕ್ಕೊಂದು ಹೊಂದಿಕೊಂಡೇ ಬೆಳೆದವು. ಹಾಗಾಗಿ ಇಂಥ ಮನೆಯವರು ಕಂಪನಿಯನ್ನೋ ದರವನ್ನೋ ಬದಲಿಸುವಾಗ ಯೂನಿಟ್ಟಿನ ಬೆಲೆಯೊಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ.

ಹೀಟರಿನ ರಚನೆ ಸರಳ. ಗೋಡೆಗೆ ಒರಗಿಸಿದ ತಗಡಿನ ಪೆಟ್ಟಿಗೆ, ಒಳಗೆ ಕಬ್ಬಿಣದ ಆಕ್ಸೈಡ್ ಇಲ್ಲವೆ ಮ್ಯಾಗ್ನೀಸಿಯಾದಿಂದ ಮಾಡಿದ ಭಾರದ ಇಟ್ಟಿಗೆಗಳು, ಅವುಗಳ ನಡುವೆ ಸುರುಳಿ ತಂತಿ, ಸುತ್ತ ಶಾಖ ಸೋರದ ಹೊದಿಕೆ. ರಾತ್ರಿಯಿಡೀ ಕಾದ ಇಟ್ಟಿಗೆಯ ತಿರುಳು 600 ಡಿಗ್ರಿ ಸೆಲ್ಸಿಯಸ್ಸಿನ ಆಚೀಚೆ ಮುಟ್ಟುತ್ತದೆ. ಉರಿ ಆರಿದ ಮೇಲೂ ಬಚ್ಚಲೊಲೆಯ ಕಲ್ಲು ಬಹಳ ಹೊತ್ತು ಬಿಸಿಯಾಗಿರುವಂತೆ ಇವೂ ಮಾರನೆಯ ದಿನವೆಲ್ಲ ಶಾಖ ಬಿಡುತ್ತಿರುತ್ತವೆ. 3.4 ಕಿಲೋವ್ಯಾಟಿನ ದೊಡ್ಡ ಹೀಟರು ಏಳು ಗಂಟೆಯಲ್ಲಿ ಹೆಚ್ಚೆಂದರೆ 23.8 ಯೂನಿಟ್ ಎಳೆದುಕೊಳ್ಳಬಲ್ಲದು.

ಹಳೆಯ ಹೀಟರಿನ ಮೇಲ್ಭಾಗದಲ್ಲಿ ಎರಡು ತಿರುಗುಗುಂಡಿಗಳಿರುತ್ತವೆ. ಇನ್‌ಪುಟ್ ಎಂಬುದು ಇಂದು ರಾತ್ರಿ ಎಷ್ಟು ಶಾಖ ತುಂಬಬೇಕೆಂದು ನಿರ್ಧರಿಸುತ್ತದೆ. ಅಂದರೆ ನಾಳೆಯ ಚಳಿಯನ್ನು ಮನೆಯವರು ಇವತ್ತೇ ಊಹಿಸಬೇಕು. ಔಟ್‌ಪುಟ್ ಒಳಗಿನ ಮುಚ್ಚಳವನ್ನು ತೆರೆದು ಬಿಸಿಗಾಳಿಯನ್ನು ಹೊರಬಿಡುತ್ತದೆ. ಮಲಗುವಾಗ ಔಟ್‌ಪುಟ್ಟನ್ನು ಮುಚ್ಚದೆ ಬಿಟ್ಟರೆ ತುಂಬುತ್ತಿರುವಾಗಲೇ ಶಾಖ ಸೋರಿ ಹೋಗುತ್ತದೆ. ಬೆಳಗಿನ ಜಾವ ಸೆಕೆ, ಸಂಜೆ ಏಳಕ್ಕೆ ನಡುಕ ಎಂಬ ದೂರುಗಳಲ್ಲಿ ಹಲವಕ್ಕೆ ಮೂಲ ಈ ಗುಂಡಿ. ಆಮೇಲೆ ಮನೆಯವರು ಹಗಲು ದರದಲ್ಲಿ ಫ್ಯಾನ್ ಹೀಟರ್ ಹಚ್ಚುತ್ತಾರೆ, ರಾತ್ರಿ ಉಳಿಸಿದ್ದು ಸಂಜೆಗೆ ಹೋಗುತ್ತದೆ. 2018ರಿಂದ ಜಾರಿಯಲ್ಲಿರುವ ಐರೋಪ್ಯ ನಿಯಮದ ಪ್ರಕಾರ ಹೊಸ ಹೀಟರುಗಳಿಗೆ ಎಲೆಕ್ಟ್ರಾನಿಕ್ ನಿಯಂತ್ರಣ ಕಡ್ಡಾಯ. ಎಷ್ಟು ತುಂಬಬೇಕೆಂಬ ಲೆಕ್ಕವನ್ನು ಅವೇ ಹಾಕಿಕೊಳ್ಳುತ್ತವೆ.

ಈ ಏರ್ಪಾಡು ಹುಟ್ಟಿದ್ದು ಗ್ರಾಹಕರ ಅನುಕೂಲಕ್ಕಿಂತ ಹೆಚ್ಚಾಗಿ ವಿದ್ಯುತ್ ಸ್ಥಾವರಗಳ ಅನುಕೂಲಕ್ಕೆ. ಕಲ್ಲಿದ್ದಲು ಮತ್ತು ಪರಮಾಣು ಸ್ಥಾವರಗಳನ್ನು ರಾತ್ರಿ ನಿಲ್ಲಿಸಿ ಬೆಳಿಗ್ಗೆ ಶುರುಮಾಡುವುದು ಸುಲಭವಲ್ಲ. ಊರು ಮಲಗಿದಾಗ ತಯಾರಾಗುವ ಕರೆಂಟಿಗೆ ಗಿರಾಕಿ ಬೇಕಿತ್ತು. 1960ರ ದಶಕದಲ್ಲೇ ಸ್ಟೋರೇಜ್ ಹೀಟರುಗಳ ಮಾರಾಟ ಭರದಿಂದ ನಡೆದಿತ್ತು. ಮುಂದೆ ಉತ್ತರ ಸಮುದ್ರದ ಅನಿಲ ಬಂದು, ಕೊಳವೆ ತಲುಪಿದ ಮನೆಗಳು ಗ್ಯಾಸ್ ಬಾಯ್ಲರಿಗೆ ಹೊರಳಿದವು. ಸ್ಟೋರೇಜ್ ಹೀಟರು ಉಳಿದದ್ದು ಅನಿಲ ತಲುಪದ ಹಳ್ಳಿಗಳಲ್ಲಿ, ಸಣ್ಣ ಬಾಡಿಗೆ ಫ್ಲ್ಯಾಟುಗಳಲ್ಲಿ, ಗಗನಚುಂಬಿ ವಸತಿ ಕಟ್ಟಡಗಳಲ್ಲಿ. ಕೊನೆಯದಕ್ಕೆ ಬೇರೆಯೇ ಒಂದು ಕಾರಣವಿದೆ. 1968ರ ಮೇ 16ರಂದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದಲ್ಲಿ ಅಡುಗೆ ಅನಿಲ ಸಿಡಿದು ಒಂದು ಮೂಲೆ ಪೂರ್ತಿ ಕುಸಿಯಿತು, ನಾಲ್ವರು ಸತ್ತರು. ಆ ಬಗೆಯ ಅನೇಕ ಕಟ್ಟಡಗಳಿಂದ ಅನಿಲವನ್ನೇ ತೆಗೆದುಹಾಕಲಾಯಿತು. ಓದಲೋ ಕೆಲಸಕ್ಕೋ ಕರ್ನಾಟಕದಿಂದ ಹೋಗಿ ಅಂಥ ಫ್ಲ್ಯಾಟು ಹಿಡಿದವರಿಗೆ ಮೊದಲ ಚಳಿಗಾಲದಲ್ಲಿ ಎದುರಾಗುವುದು ಇದೇ ಇಟ್ಟಿಗೆಯ ಪೆಟ್ಟಿಗೆ.

ಮೀಟರಿನಲ್ಲಿ ಎರಡು ಅಂಕಿಸಾಲುಗಳಿರುತ್ತವೆ, ಒಂದು ಹಗಲಿಗೆ, ಇನ್ನೊಂದು ರಾತ್ರಿಗೆ. ಕೆಲವದರ ಮೇಲೆ ನಾರ್ಮಲ್, ಲೋ ಎಂದಿರುತ್ತದೆ. ಕೆಲವದರಲ್ಲಿ ರೇಟ್ 1, ರೇಟ್ 2 ಎಂದಷ್ಟೇ. ಯಾವುದು ಯಾವುದೆಂದು ಕಂಪನಿಯ ದಾಖಲೆಯಲ್ಲಿ ಅದಲುಬದಲಾಗಿ, ರಾತ್ರಿಯ ಯೂನಿಟ್ಟುಗಳಿಗೆ ಹಗಲಿನ ಬೆಲೆ ಬೀಳುವುದು ಬ್ರಿಟನ್ನಿನಲ್ಲಿ ಹೊಸ ಸಂಗತಿಯೇನಲ್ಲ. ಪರೀಕ್ಷೆ ಸುಲಭ: ಚಳಿಗಾಲದ ಒಂದು ರಾತ್ರಿ ಮಲಗುವ ಮುಂಚೆ ಎರಡೂ ಅಂಕಿಗಳನ್ನು ಬರೆದಿಟ್ಟು ಎದ್ದ ಕೂಡಲೇ ಮತ್ತೆ ನೋಡಬೇಕು. ಹೆಚ್ಚು ಮುಂದೆ ಹೋದದ್ದು ರಾತ್ರಿಯ ಸಾಲು. ಅಗ್ಗದ ಏಳು ಗಂಟೆ ಪ್ರದೇಶದಿಂದ ಪ್ರದೇಶಕ್ಕೆ, ಕೆಲವೊಮ್ಮೆ ಮೀಟರಿನಿಂದ ಮೀಟರಿಗೂ ಬೇರೆ. ಸಾಲದೆಂಬಂತೆ ಬಹಳಷ್ಟು ಮೀಟರುಗಳು ವರ್ಷವಿಡೀ ಗ್ರೀನ್‌ವಿಚ್ ಸಮಯವನ್ನೇ ಹಿಡಿದಿರುತ್ತವೆ. ಚಳಿಗಾಲದಲ್ಲಿ ಹನ್ನೆರಡೂವರೆಗೆ ಆರಂಭವಾಗುವ ರಾತ್ರಿ ದರ, ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ಬೇಸಿಗೆಯಲ್ಲಿ ಒಂದೂವರೆಗೆ ಬರುತ್ತದೆ. ಬಟ್ಟೆ ಒಗೆಯುವ ಯಂತ್ರಕ್ಕೆ ಹೊತ್ತು ಗೊತ್ತುಮಾಡಿಟ್ಟವರು ಇದನ್ನು ಮರೆತರೆ ಮೊದಲ ಒಂದು ಗಂಟೆ ಪೂರ್ತಿ ಬೆಲೆ ತೆರುತ್ತಾರೆ.

ಎರಡು ದರದ ಮೀಟರಿನಲ್ಲಿ ಹಗಲಿನ ಯೂನಿಟ್ಟು ಸಾಮಾನ್ಯ ಒಂದೇ ದರದ ಯೂನಿಟ್ಟಿಗಿಂತ ದುಬಾರಿ. ಆದ್ದರಿಂದ ಒಟ್ಟು ಬಳಕೆಯಲ್ಲಿ ರಾತ್ರಿಯ ಪಾಲು ಎಷ್ಟೆಂಬುದರ ಮೇಲೆ ಲಾಭನಷ್ಟ ನಿಂತಿದೆ. ಲೆಕ್ಕದ ಸಲುವಾಗಿ ಒಂದೇ ದರ 25 ಪೆನ್ಸ್, ಹಗಲು 30, ರಾತ್ರಿ 15 ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 6,000 ಯೂನಿಟ್ ಬಳಸುವ ಮನೆ 3,600 ಯೂನಿಟ್ಟನ್ನು ರಾತ್ರಿ ಎಳೆದರೆ ಬಿಲ್ಲು 1,260 ಪೌಂಡ್. ಒಂದೇ ದರದಲ್ಲಿ 1,500. ರಾತ್ರಿಯ ಬಳಕೆ 1,500 ಯೂನಿಟ್ಟಿಗೆ ಇಳಿದರೆ ಅದೇ ಮನೆಯ ಬಿಲ್ಲು 1,575ಕ್ಕೆ ಏರುತ್ತದೆ. ಈ ದರಗಳಲ್ಲಿ ಮೂರನೆಯ ಒಂದು ಪಾಲು ರಾತ್ರಿ ಬಿದ್ದರೆ ಸಮಸಮ. ಒಂದೇ ದರವನ್ನು ಹಗಲು ದರದಿಂದ ಕಳೆದು, ಬಂದದ್ದನ್ನು ಹಗಲು ರಾತ್ರಿ ದರಗಳ ಅಂತರದಿಂದ ಭಾಗಿಸಿದರೆ ಯಾವ ದರಪಟ್ಟಿಗೂ ಈ ಗಡಿ ಸಿಗುತ್ತದೆ. ಲೆಕ್ಕಕ್ಕೆ ಇಡೀ ವರ್ಷದ ಅಂಕಿಗಳು ಬೇಕು. ಜುಲೈನ ಬಿಲ್ಲು ಹಿಡಿದು ನಿರ್ಧರಿಸುವವರಿಗೆ ಎಕಾನಮಿ 7 ಶುದ್ಧ ನಷ್ಟವಾಗಿಯೇ ಕಾಣುತ್ತದೆ, ಆಗ ಹೀಟರುಗಳು ಆರಿರುತ್ತವಲ್ಲ.

ಬದಲಾವಣೆಯಲ್ಲಿ ಅತಿ ಕೆಟ್ಟ ದಾರಿಯೆಂದರೆ ಹೀಟರುಗಳನ್ನು ಹಾಗೇ ಉಳಿಸಿಕೊಂಡು ಒಂದೇ ದರಕ್ಕೆ ಹೋಗುವುದು. ಹಳೆಯ ಸ್ವಿಚ್ಚು ಹೀಟರಿಗೆ ರಾತ್ರಿಯೇ ಕರೆಂಟು ಕೊಡುತ್ತಿರುತ್ತದೆ. ಬೇಕಾದ ಹೊತ್ತಿಗೆ ಶಾಖ ಸಿಗದ ತೊಡಕು ತಪ್ಪುವುದಿಲ್ಲ, ರಿಯಾಯಿತಿ ಮಾತ್ರ ಹೋಗಿರುತ್ತದೆ. ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ: ಇಟ್ಟಿಗೆ ಹೀಟರು ಕಿತ್ತು ಸಾಧಾರಣ ಪ್ಯಾನಲ್ ಹೀಟರು ಹಾಕಿಸಿ ದರವನ್ನು ಎರಡಾಗಿಯೇ ಬಿಡುವುದು. ಒಂದು ಯೂನಿಟ್ ಕರೆಂಟಿನಿಂದ ಎರಡೂ ಕೊಡುವುದು ಒಂದೇ ಯೂನಿಟ್ ಶಾಖ. ಪ್ಯಾನಲ್ ಹೀಟರಿಗೆ ಅದು ಹಗಲಿನ ಬೆಲೆಗೆ ಬರುತ್ತದೆ. ಕಾರಿನ ಬ್ಯಾಟರಿ ತುಂಬಲೆಂದು ಬಂದಿರುವ ಹೊಸ ರಾತ್ರಿ ದರಗಳು ಎಕಾನಮಿ 7ಕ್ಕಿಂತ ಅಗ್ಗವಾಗಿ ಕಾಣಬಹುದು, ಆದರೆ ಅವುಗಳಲ್ಲಿ ಅವಧಿ ಗಿಡ್ಡ. ಐದು ಗಂಟೆಯಷ್ಟೇ ಸಿಕ್ಕರೆ ಮೇಲೆ ಹೇಳಿದ ಹೀಟರಿಗೆ ತುಂಬುವುದು 17 ಯೂನಿಟ್. ಮನೆ ಆರು ಗಂಟೆಗೇ ತಣ್ಣಗಾದೀತು.

ಬಹುತೇಕ ಮಂದಿ ನೋಡದೆ ಬಿಡುವುದು ವೈರಿಂಗನ್ನು. ಅನೇಕ ಮನೆಗಳಲ್ಲಿ ಹೀಟರುಗಳಿಗೂ ನೀರಿನ ಟ್ಯಾಂಕಿಗೂ ಬೇರೆಯೇ ಫ್ಯೂಸ್ ಪೆಟ್ಟಿಗೆ ಇರುತ್ತದೆ. ಮೀಟರಿನ ಐದನೆಯ ಟರ್ಮಿನಲ್ಲಿನಿಂದ ಹೊರಟ ತಂತಿಗೆ ರಾತ್ರಿ ಮಾತ್ರ ಜೀವ ಬರುತ್ತದೆ. ಸ್ಮಾರ್ಟ್ ಮೀಟರು ಹಾಕುವಾಗ ಐದು ಟರ್ಮಿನಲ್ಲಿನ ಮಾದರಿಯನ್ನೇ ಕೇಳಿ ಹಾಕಿಸಿಕೊಳ್ಳಬೇಕು. ನಾಲ್ಕರದು ಬಂದರೆ ಹೀಟರಿನ ತಂತಿಯನ್ನು ಇಪ್ಪತ್ತನಾಲ್ಕು ಗಂಟೆಯ ಲೈನಿಗೆ ಸೇರಿಸಬೇಕಾಗುತ್ತದೆ, ಇಲ್ಲವೆ ಅದು ಸತ್ತೇ ಇರುತ್ತದೆ. ಬಾಡಿಗೆದಾರರು ಇಂಥ ಕೆಲಸಕ್ಕೆ ಮೊದಲು ಮನೆಮಾಲೀಕರ ಒಪ್ಪಿಗೆ ಪಡೆಯುವುದು ಕ್ಷೇಮ.

ಗ್ರಾಹಕರು ತಮಗೆ ಬೇಕಾದ ವಿದ್ಯುತ್ ಕಂಪನಿಯನ್ನು ಆರಿಸಿಕೊಳ್ಳುವ ಹಕ್ಕು ಬಂದದ್ದು 1998-99ರಲ್ಲಿ. ಆದರೆ ಎಕಾನಮಿ 7ಕ್ಕಿಂತ ಜಟಿಲವಾದ ಮೀಟರುಗಳಿದ್ದವರಿಗೆ ಅದು ಬಹುಮಟ್ಟಿಗೆ ಕಾಗದದ ಮೇಲಿನ ಹಕ್ಕಾಗಿಯೇ ಉಳಿಯಿತು. ಉತ್ತರ ಸ್ಕಾಟ್ಲೆಂಡಿನ ಟೋಟಲ್ ಹೀಟಿಂಗ್ ಟೋಟಲ್ ಕಂಟ್ರೋಲ್ ಪದ್ಧತಿಯಲ್ಲಿ ಶಾಖಕ್ಕೆ ಪ್ರತ್ಯೇಕ ಮೀಟರು. ಹೀಟರು ಎಷ್ಟು ಹೊತ್ತು ತುಂಬಬೇಕೆಂಬುದನ್ನು ಹವಾಮಾನ ನೋಡಿ ಕಂಪನಿಯೇ ನಿರ್ಧರಿಸುತ್ತಿತ್ತು. ಬೇರೆ ಕಂಪನಿಗಳಿಗೆ ಅದರ ಗೋಜು ಬೇಡವಾಗಿತ್ತು. ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ 2016ರ ಆದೇಶದಲ್ಲಿ, ಮೀಟರು ಬದಲಿಸಬೇಕೆಂಬ ಷರತ್ತು ಹಾಕದೆ ಇಂಥವರಿಗೂ ಒಂದೇ ದರದ ಯೋಜನೆಗಳನ್ನು ಕೊಡಬೇಕೆಂದು ದೊಡ್ಡ ಕಂಪನಿಗಳಿಗೆ ವಿಧಿಸಿತು. ಹಕ್ಕು ಸಿಕ್ಕಿತು, ಆದರೆ ಇಟ್ಟಿಗೆ ಹೀಟರು ಇರುವ ಮನೆಗೆ ಒಂದೇ ದರ ಎಷ್ಟರ ಉಪಕಾರ ಎಂಬ ಪ್ರಶ್ನೆ ಹಾಗೇ ಇದೆ.

ಲಕ್ಷಾಂತರ ಮೀಟರುಗಳು ಹಗಲುರಾತ್ರಿ ಬದಲಾಯಿಸುತ್ತಿದ್ದದ್ದು ರೇಡಿಯೊ ಕೇಳಿ. ಬಿಬಿಸಿ ರೇಡಿಯೊ 4ರ 198 ಕಿಲೋಹರ್ಟ್ಸ್ ದೀರ್ಘತರಂಗದೊಳಗೆ, ಕೇಳುಗರ ಕಿವಿಗೆ ಬೀಳದಂತೆ ಹೆಣೆದ ಸಂಕೇತಗಳು ಡ್ರಾಯ್ಟ್‌ವಿಚ್ ಮತ್ತು ಎರಡು ಸ್ಕಾಟಿಷ್ ಕೇಂದ್ರಗಳಿಂದ ಹೊರಟು ಸ್ವಿಚ್ಚುಗಳನ್ನು ಒತ್ತುತ್ತಿದ್ದವು. ಪ್ರಸಾರ ಯಂತ್ರಗಳು ಹಳತಾಗಿ, 2025ರ ಜೂನ್ 30ರಿಂದ ಈ ಸೇವೆಯನ್ನು ಹಂತಹಂತವಾಗಿ ನಿಲ್ಲಿಸಲು ಆರಂಭಿಸಲಾಯಿತು. ಸಂಕೇತ ನಿಂತ ಮೇಲೂ ಹಳೆಯ ಮೀಟರೇ ಇದ್ದರೆ ಹೀಟರು ಸದಾ ಉರಿಯಬಹುದು, ಹತ್ತದೆಯೂ ಇರಬಹುದು, ಹೊತ್ತಲ್ಲದ ಹೊತ್ತಿನಲ್ಲೂ ತುಂಬಬಹುದು.

ಕರ್ನಾಟಕದ ಮನೆಗಳಿಗೆ ಇಟ್ಟಿಗೆ ಹೀಟರಿನ ಅಗತ್ಯವಿಲ್ಲ, ಹೊರೆಯನ್ನು ರಾತ್ರಿಗೆ ತಳ್ಳುವ ಲೆಕ್ಕಾಚಾರ ಮಾತ್ರ ಇಲ್ಲಿಯ ರೈತರಿಗೆ ಚೆನ್ನಾಗಿ ಗೊತ್ತು. ತ್ರೀ ಫೇಸ್ ಕರೆಂಟು ರಾತ್ರಿ ಬರುತ್ತದೆಂದು ಟಾರ್ಚು ಹಿಡಿದು ಪಂಪ್‌ಸೆಟ್ಟಿನ ಬಳಿ ಹೋಗಿ ಕಾದವರು ಎಷ್ಟೋ ಮಂದಿ. ಈಗ ಪಾವಗಡದಂಥ ಸೌರ ಸ್ಥಾವರಗಳಿಂದಾಗಿ ಕರೆಂಟು ಧಾರಾಳವಾಗಿ ಸಿಗುವ ಹೊತ್ತು ಹಗಲಿಗೆ ಸರಿಯುತ್ತಿದೆ. ಕೇಂದ್ರ ಸರ್ಕಾರ 2023ರಲ್ಲಿ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ, ಬಿಸಿಲಿನ ಗಂಟೆಗಳ ದರ ಮಾಮೂಲಿಗಿಂತ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕೆನ್ನುತ್ತದೆ.