ವಿದುರಾಶ್ವತ್ಥ: ನಿಷೇಧಾಜ್ಞೆ ಮತ್ತು ಬಂದೂಕು

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದ ಗೋಲಿಬಾರನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವುದು ರೂಢಿಯಾಗಿದೆ. ಆದರೆ ಈ ಹೋಲಿಕೆ ಒಂದು ಮುಖ್ಯ ವ್ಯತ್ಯಾಸವನ್ನು ಮರೆಮಾಡುತ್ತದೆ. 1919ರಲ್ಲಿ ಅಮೃತಸರದಲ್ಲಿ ಗುಂಡು ಹಾರಿಸಿದವರು ಸೇನಾಧಿಕಾರಿಯ ಆಜ್ಞೆಗೆ ಒಳಪಟ್ಟ ಸೈನಿಕರಾದರೆ, ವಿದುರಾಶ್ವತ್ಥದಲ್ಲಿ ಹಾರಿಸಿದವರು ಕಳ್ಳಕಾಕರಿಂದ ಜನರನ್ನು ಕಾಯಬೇಕಾಗಿದ್ದ ಮೈಸೂರು ಸಂಸ್ಥಾನದ ಪೊಲೀಸರು. ಕಾವಲಿನ ಪಡೆಯೇ ದಂಡಿನಂತೆ ನಡೆದುಕೊಂಡಿತು ಎಂಬುದೇ ಇಲ್ಲಿನ ನಿಜವಾದ ಆಘಾತ.

ಇದಕ್ಕೆ ಹಳೆಯ ಬೇರುಗಳಿವೆ. ದಿವಾನ್ ಪೂರ್ಣಯ್ಯನವರ ಕಾಲದ ಮೈಸೂರಿನಲ್ಲಿ ಊರಿನ ಕಾವಲು ತಳವಾರ, ತೋಟಿಗಳ ಕೈಯಲ್ಲಿದ್ದರೆ, ಅದರ ಮೇಲೆ 'ಕಂದಾಚಾರ' ಎಂಬ ಪಡೆಯಿತ್ತು. ಇದು ಅರ್ಧ ಸೈನ್ಯ, ಅರ್ಧ ಪೊಲೀಸು ಎನ್ನಬಹುದಾದ ಸ್ಥಳೀಯ ಪಡೆ. ತಾಲ್ಲೂಕಿನಲ್ಲಿ ಕಂದಾಯ ವಸೂಲಿ ಮಾಡುವ ಅಮಲ್ದಾರನೇ ಶಾಂತಿಪಾಲನೆಗೂ ಹೊಣೆಗಾರನಾಗಿದ್ದುದರಿಂದ, ರೈತನ ಪಾಲಿಗೆ ಕಂದಾಯ ಕೇಳುವ ಕೈ ಮತ್ತು ಆಯುಧ ಹಿಡಿದ ಕೈ ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ. ಮುಂದೆ ಬ್ರಿಟಿಷ್ ಭಾರತದಲ್ಲಿ 1861ರ ಪೊಲೀಸ್ ಕಾಯ್ದೆ ಬಂದಾಗಲೂ, ಅದರ ಕಣ್ಣಮುಂದಿದ್ದುದು ಐರ್ಲೆಂಡಿನಲ್ಲಿ ಜನರನ್ನು ಹತೋಟಿಯಲ್ಲಿಡಲು ಕಟ್ಟಿದ್ದ ಸಶಸ್ತ್ರ ಪಡೆಯ ಮಾದರಿ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ನಿಷೇಧವನ್ನು ಮುರಿದು ರಾಷ್ಟ್ರಧ್ವಜ ಹಾರಿಸಿದ ಮೇಲೆ ಆ ಚಳವಳಿ ವಿದುರಾಶ್ವತ್ಥವಿರುವ ಉತ್ತರಪಿನಾಕಿನಿ ನದಿಯ ದಡಕ್ಕೂ ಹಬ್ಬಿತು. ಸುತ್ತಲ ಹಳ್ಳಿಗಳ ಕನ್ನಡ, ತೆಲುಗು ಮಾತಿನ ಜನರಿಗೆ ವಿದುರಾಶ್ವತ್ಥ ಪರಿಚಿತ ಕ್ಷೇತ್ರ. ವಿದುರನು ನೆಟ್ಟನೆಂದು ನಂಬಲಾದ ಅಶ್ವತ್ಥವೃಕ್ಷವಿದ್ದ ಜಾಗದ ಸುತ್ತ ಹರಕೆ ಹೊತ್ತವರು ಪ್ರತಿಷ್ಠಾಪಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಅಂಥ ಕಡೆ ಧ್ವಜ ಹಿಡಿದು ಸೇರಿದವರ ಮೇಲೆ ನಿಷೇಧಾಜ್ಞೆಯ, ಅಂದರೆ ಜನ ಗುಂಪುಗೂಡಬಾರದೆಂಬ ಆಡಳಿತದ ಅಪ್ಪಣೆಯ, ಹೆಸರಿನಲ್ಲಿ ಗುಂಡು ಹಾರಿತು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10 ಮಂದಿ; ಜನರ ಲೆಕ್ಕದಲ್ಲಿ 30ಕ್ಕೂ ಹೆಚ್ಚು. ಸಾವಿನ ಎಣಿಕೆಯಲ್ಲೇ ಇಷ್ಟು ಅಂತರ ಉಳಿದುಬಂದಿರುವುದು ಆಳುವವರ ಮಾತಿನ ಮೇಲೆ ಜನರಿಗಿದ್ದ ನಂಬಿಕೆ ಎಷ್ಟೆಂಬುದನ್ನು ತೋರಿಸುತ್ತದೆ.

ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿತು. ವಲ್ಲಭಭಾಯಿ ಪಟೇಲರ ಮಧ್ಯಸ್ಥಿಕೆಯಿಂದ ಮೇ ತಿಂಗಳಲ್ಲಿ ಆದ ಒಪ್ಪಂದದಂತೆ ಕಾಂಗ್ರೆಸ್ಸಿನ ಧ್ವಜವನ್ನು ಸಂಸ್ಥಾನದ ಧ್ವಜದ ಜೊತೆಯಲ್ಲಿ ಹಾರಿಸಲು ಅನುಮತಿ ದೊರೆಯಿತು. ಕೆಲವೇ ವಾರಗಳಲ್ಲಿ ಬಿಟ್ಟುಕೊಡಬಹುದಾಗಿದ್ದ ಹಟಕ್ಕಾಗಿ ಇಷ್ಟು ಜೀವಗಳು ಹೋದವೆಂಬುದು ಇಂದಿಗೂ ಸಂಕಟದ ಸಂಗತಿ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ಚಿಂತಾಮಣಿ, ಶಿಡ್ಲಘಟ್ಟಗಳಂತೆ ಗೌರಿಬಿದನೂರೂ ಅದಕ್ಕೆ ಸೇರಿತು. ಸಂಸ್ಥಾನ ಹೋದರೂ ನಿಷೇಧಾಜ್ಞೆ ಹೋಗಲಿಲ್ಲ: ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಾಗಿ ಮುಂದುವರಿದಿದೆ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೊರಟ ಇಂಥ ಆಜ್ಞೆಯನ್ನು ಕರ್ನಾಟಕ ಹೈಕೋರ್ಟ್ 2020ರಲ್ಲಿ ಕಾನೂನುಬಾಹಿರವೆಂದು ತೀರ್ಮಾನಿಸಿತು. ಅಲ್ಲಿ ಆಜ್ಞೆ ಹೊರಡಿಸಿದವರು ಮ್ಯಾಜಿಸ್ಟ್ರೇಟರ ಅಧಿಕಾರವನ್ನೂ ಹೊಂದಿದ್ದ ಪೊಲೀಸ್ ಕಮಿಷನರ್; ಚಿಕ್ಕಬಳ್ಳಾಪುರದಲ್ಲಿ ಆ ಅಧಿಕಾರ ಇನ್ನೂ ಜಿಲ್ಲಾಧಿಕಾರಿಗಳ ಬಳಿಯೇ ಇದ್ದು, ನಿಷೇಧ ಬೇಕೆಂದು ಕೇಳುವ ಪೊಲೀಸರು ಅದಕ್ಕೆ ತಕ್ಕ ಕಾರಣವನ್ನು ಅವರ ಮುಂದಿಡಬೇಕಾಗುತ್ತದೆ.