ಬ್ಯಾಂಡಿನ ಖರ್ಚು ಯಾರ ಮನೆಯದು?

ಸಾಲು ಹಿಡಿದು ಬಾರಿಸುತ್ತ ಹೆಜ್ಜೆ ಹಾಕುವ ಕಲೆ ನಮ್ಮ ಬಳ್ಳಾರಿ ಸೀಮೆಗೆ ಎರಡು ದಾರಿಯಿಂದ ಬಂತು. ಒಂದು ಗುಡಿಯ ದಾರಿ, ಇನ್ನೊಂದು ದಂಡಿನ ದಾರಿ. ಎರಡೂ ಬಂದು ಕೂಡಿದ್ದು ಶಾಲೆಯ ಅಂಗಳದಲ್ಲಿ. ಆಗಸ್ಟ್ ಹದಿನೈದರ ಬೆಳಿಗ್ಗೆ ನಮ್ಮ ಕುಡತಿನಿಯ ಬೀದಿಯಲ್ಲಿ ಮಕ್ಕಳು ಡ್ರಮ್ಮು ಬಾರಿಸುತ್ತ ಹೋಗುವಾಗ ಹೊಸ್ತಿಲಲ್ಲಿ ನಿಂತು ನೋಡುವ ನಮಗೆ ಈ ಚರಿತ್ರೆ ನೆನಪಿಗೆ ಬರುವುದಿಲ್ಲ. ಆದರೆ ಆ ಮಕ್ಕಳ ತಾಯಂದಿರ ಕೈಯಲ್ಲಿರುವ ಖರ್ಚಿನ ಚೀಟಿಯನ್ನು ನೋಡಿದಾಗ, ಇದು ಹೀಗೇಕಾಯಿತು ಎಂದು ಹಿಂದಿರುಗಿ ನೋಡಬೇಕೆನ್ನಿಸುತ್ತದೆ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವವರಿಗೆ ಕುಡತಿನಿ ಎಂದರೆ ವಿದ್ಯುತ್ ಸ್ಥಾವರದ ಚಿಮಣಿಗಳು. ಓದಿಕೊಂಡವರಿಗೆ ನವಶಿಲಾಯುಗದ ಬೂದಿಗುಡ್ಡ. ಇಲ್ಲೇ ಹುಟ್ಟಿ ಬೆಳೆದವರಿಗೆ ಮಾತ್ರ ಇದು ಜಾತ್ರೆ, ಮೊಹರಂ, ಕಾರ ಹುಣ್ಣಿಮೆಗಳ ಊರು. ಬೀರಪ್ಪನ ಗುಡಿಗಳಿರುವ ನಮ್ಮ ಕಡೆಯ ಊರುಗಳಲ್ಲಿ ಡೊಳ್ಳು ಯಾವೊಬ್ಬನ ಮನೆಯ ಆಸ್ತಿಯೂ ಅಲ್ಲ, ಅದು ದೇವರದು. ಮರ ಕೊರೆಸುವುದು, ಚರ್ಮ ಹೊದಿಸುವುದು, ಹಗ್ಗ ಬಿಗಿಸುವುದು ಎಲ್ಲಕ್ಕೂ ದೈವದವರು ಕೂಡಿ ಕಾಳು ಕಡಿ ಎತ್ತುತ್ತಿದ್ದರು. ಬಾರಿಸುವ ಹುಡುಗ ತರಬೇಕಾದದ್ದು ಅವನ ರಟ್ಟೆಯ ಕಸುವನ್ನು ಮಾತ್ರ. ಅಲಾಯಿ ಹಬ್ಬದ ಹಲಗೆಯೂ ಹಾಗೆಯೇ. ಕುಣಿಯುವವರಿಗೆ ಊರೇ ಊಟ ಹಾಕುತ್ತಿತ್ತು.

ಹಾಗೆಂದು ಆ ಕಾಲವನ್ನು ಹೊಗಳಿ ಕೂರುವವಳು ನಾನಲ್ಲ. ಖರ್ಚು ಊರಿನದಾಗಿತ್ತು ನಿಜ, ಆದರೆ ಊರು ಬೇಲಿಯನ್ನೂ ಹಾಕಿತ್ತು. ಡೊಳ್ಳು ಹಾಲುಮತದವರದು, ಹಲಗೆ ಕೇರಿಯವರದು; ಯಾರು ಏನು ಬಾರಿಸಬೇಕೆಂಬುದು ಹುಟ್ಟುವ ಮೊದಲೇ ಗೊತ್ತಾಗಿತ್ತು. ಹೆಣ್ಣುಮಕ್ಕಳಂತೂ ಆರತಿ ಹಿಡಿದು ಹಿಂದೆ ಬರಬೇಕಾದವರೇ ಹೊರತು ಕೊರಳಿಗೆ ವಾದ್ಯ ಹಾಕಿಕೊಳ್ಳುವವರಲ್ಲ.

ಇನ್ನೊಂದು ದಾರಿ ದಂಡಿನದು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ದೊಡ್ಡ ದಂಡುಪ್ರದೇಶವಾಯಿತು. ದಂಡು ಇದ್ದಲ್ಲಿ ಕವಾಯತು, ಕವಾಯತು ಇದ್ದಲ್ಲಿ ಬ್ಯಾಂಡು. ಅತ್ತ ಮೈಸೂರಿನಲ್ಲಿ 1868ರಲ್ಲಿ ಅರಮನೆಯ ಬ್ಯಾಂಡು ಹುಟ್ಟಿತು. ಉತ್ತರದ ಮೀರತ್‌ನಲ್ಲಿ ಸೈನ್ಯದ ಬ್ಯಾಂಡ್ ಮಾಸ್ಟರ್ ಆಗಿದ್ದ ನಾದಿರ್ ಅಲಿ 1885ರಲ್ಲಿ ವಾದ್ಯಗಳ ಕಂಪನಿ ತೆರೆದರು. ಮೊದಲು ವಿಲಾಯಿತಿಯಿಂದ ತರಿಸಿ ಮಾರುತ್ತಿದ್ದದ್ದನ್ನು ಮುಂದೆ ಅಲ್ಲೇ ತಯಾರಿಸತೊಡಗಿದರು. ದೇಶದ ಎಷ್ಟೋ ಮದುವೆಗಳಲ್ಲಿ ಮೊಳಗುವ ಹಿತ್ತಾಳೆಯ ಕಹಳೆಗಳು ಇಂದಿಗೂ ಮೀರತ್‌ನ ಜಲಿ ಕೋಠಿಯ ಓಣಿಗಳಲ್ಲಿ ತಯಾರಾಗುತ್ತವೆ.

ದಂಡಿನ ಹೆಜ್ಜೆಯನ್ನು ನಮ್ಮ ಮಕ್ಕಳ ಹೆಜ್ಜೆಯಾಗಿ ಮಾಡಿದವರು ಸ್ವಾತಂತ್ರ್ಯ ಚಳವಳಿಯವರು. 1923ರಲ್ಲಿ ಡಾ. ನಾ. ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳ ಕಟ್ಟಿ ಹುಬ್ಬಳ್ಳಿಯಿಂದ ಅದನ್ನು ನಡೆಸಿದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರು ಸಾಲಾಗಿ ನಿಂತಾಗ ಅವರಲ್ಲಿ ಹೆಂಗಸರೂ ಇದ್ದರು. ಅವರನ್ನು ಮನೆ ಮನೆಗೆ ಹೋಗಿ ಕರೆತಂದವರು ಉಮಾಬಾಯಿ ಕುಂದಾಪುರ. ವಿಧವೆಯರು ಹೊರಗೆ ಬರಲೇ ಹೆದರುತ್ತಿದ್ದ ಕಾಲದಲ್ಲಿ, ಸ್ವತಃ ವಿಧವೆಯಾಗಿದ್ದ ಉಮಾಬಾಯಿ ಅವರನ್ನೂ ಸಾಲಿನಲ್ಲಿ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಅವರು ತೊಟ್ಟ ಖಾದಿಯಲ್ಲಿ ಸಿರಿವಂತರ ಮಗಳು ಯಾರು, ಬಡವರ ಮಗಳು ಯಾರು ಎಂದು ತಿಳಿಯುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಎನ್.ಸಿ.ಸಿ. ಬಂತು, ಸ್ಕೌಟು ಗೈಡು ಬಂದವು. 1953ರಲ್ಲಿ ಬಳ್ಳಾರಿ ಮದರಾಸಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆ ಮುಂದಿನ ದಿನಗಳ ಸರ್ಕಾರಿ ಶಾಲೆಗಳ ಬ್ಯಾಂಡನ್ನು ನನ್ನ ವಯಸ್ಸಿನವರೆಲ್ಲ ಬಲ್ಲರು. ಒಂದು ದೊಡ್ಡ ಡ್ರಮ್ಮು, ನಾಲ್ಕು ಸಣ್ಣವು, ಎರಡು ಕಹಳೆ, ಒಂದು ಜೊತೆ ತಾಳ. ಯಾರೋ ದಾನಿಗಳು ಕೊಡಿಸಿದ್ದು. ಅವರ ಹೆಸರು ಡ್ರಮ್ಮಿನ ಮೇಲೆ ಬಣ್ಣದಲ್ಲಿ ಬರೆದಿರುತ್ತಿತ್ತು. ವರ್ಷವಿಡೀ ಬೀರುವಿನ ಮೇಲೆ ಧೂಳು ತಿಂದು, ಆಗಸ್ಟಿನ ಮಳೆಗೆ ಚರ್ಮ ಸಡಿಲಾದರೆ ಹಳೆಯ ಕಾಗದ ಉರಿಸಿ ಕಾಯಿಸಿ ಬಾರಿಸುತ್ತಿದ್ದರು. ಶಾಲೆಗೆ ತೊಟ್ಟು ಬರುವ ಅಂಗಿಯೇ ಬ್ಯಾಂಡಿನ ಅಂಗಿ. ಬಡ ಬ್ಯಾಂಡು, ಸರಿ. ಆದರೆ ಊರ ಬೇಲಿಯನ್ನು ಮುರಿದದ್ದು ಆ ಬಡ ಬ್ಯಾಂಡೇ. ಕೇರಿಯ ಹುಡುಗ, ಗೌಡರ ಹುಡುಗ, ಬುಡೇನ ಸಾಬರ ಹುಡುಗಿ ಒಂದೇ ತಾಳಕ್ಕೆ ಎಡಗಾಲು ಮುಂದಿಟ್ಟದ್ದು ಅಲ್ಲಿಯೇ. ಕೊರಳಿಗೆ ಡ್ರಮ್ಮು ಹಾಕಿಕೊಂಡ ಹೆಣ್ಣುಮಗಳನ್ನು ಊರು ಮೊದಲು ನೋಡಿದ್ದೂ ಅಲ್ಲಿಯೇ.

ಆಮೇಲೆ ಸ್ಪರ್ಧೆಗಳ ಕಾಲ ಬಂತು. 1995ರಿಂದ ರಾಷ್ಟ್ರೀಯ ಯುವಜನೋತ್ಸವ ನಡೆಯತೊಡಗಿತು. ಈ ಶತಮಾನದ ಆರಂಭದಲ್ಲಿ ನಮ್ಮ ಶಾಲೆಗಳಿಗೆ ಪ್ರತಿಭಾ ಕಾರಂಜಿ ಬಂತು. ಶಾಲಾ ಬ್ಯಾಂಡುಗಳಿಗಂತೂ ರಾಜ್ಯ, ವಲಯ, ರಾಷ್ಟ್ರ ಎಂದು ಮೆಟ್ಟಿಲು ಕಟ್ಟಿದ ಸ್ಪರ್ಧೆಯೇ ಇದೆ. 2024ರ ಜನವರಿಯಲ್ಲಿ ಅದರ ಕೊನೆಯ ಸುತ್ತು ದೆಹಲಿಯಲ್ಲಿ ನಡೆಯಿತು, ಹುಡುಗಿಯರಿಗೇ ಬೇರೆ ವಿಭಾಗವಿತ್ತು. ಇವೆಲ್ಲ ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದವು. ಹಳ್ಳಿಯ ಮಗು ಜಿಲ್ಲೆಯ ವೇದಿಕೆ ಕಾಣಲಿ ಎಂಬ ಆಸೆ ಯಾರಿಗೆ ಬೇಡ?

ಆದರೆ ಸ್ಪರ್ಧೆಗೆ ಅದರದೇ ಒಂದು ಗುಣವಿದೆ. ಒಂದು ವರ್ಷ ಒಂದು ತಂಡ ಜರಿಯ ಕೋಟು, ಗರಿ ಸಿಕ್ಕಿಸಿದ ಟೊಪ್ಪಿಗೆ ತೊಟ್ಟು ಬಂದು ಗೆಲ್ಲುತ್ತದೆ. ಮರುವರ್ಷ ಎಲ್ಲ ತಂಡಗಳೂ ಜರಿಯ ಕೋಟು ತೊಟ್ಟು ಬರುತ್ತವೆ. ಎಲ್ಲರೂ ತೊಟ್ಟ ಮೇಲೆ ಅದರಿಂದ ಯಾರಿಗೂ ಹೆಚ್ಚುಗಾರಿಕೆ ಉಳಿಯುವುದಿಲ್ಲ. ಉಳಿಯುವುದು ಖರ್ಚು ಮಾತ್ರ. ಇನ್ನು ಹಿಂದಕ್ಕೆ ಹೋಗಿ ಬಿಳಿ ಅಂಗಿಯಲ್ಲಿ ನಿಲ್ಲುವ ಧೈರ್ಯ ಯಾವ ಶಾಲೆಗೂ ಇರುವುದಿಲ್ಲ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು, ಡ್ರಿಲ್ ಮಾಸ್ತರರ ಜಾಗಕ್ಕೆ ತಿಂಗಳಿಗಿಷ್ಟೆಂದು ಗೊತ್ತುಮಾಡಿದ ತರಬೇತುದಾರ ಬಂದ.

ನನಗೆ ತಿಳಿದ ಒಂದು ಶಾಲೆಯ ಲೆಕ್ಕ ಹೇಳುತ್ತೇನೆ. ತಾಲ್ಲೂಕು ಮಟ್ಟದ ಒಂದೇ ಒಂದು ದಿನಕ್ಕೆ ಉಡುಪಿನ ಬಾಡಿಗೆ 300 ರೂಪಾಯಿ, ಬಿಳಿ ಬೂಟು, ಕಾಲುಚೀಲ 250, ಟ್ರ್ಯಾಕ್ಸು ಮತ್ತು ಊಟಕ್ಕೆ ತಲಾ 150. ಒಟ್ಟು ಮಗುವಿಗೆ 700. ನಮ್ಮ ರಾಜ್ಯದಲ್ಲಿ 2025-26ಕ್ಕೆ ಗೊತ್ತಾದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಅಂದರೆ ಮಗಳು ಅರ್ಧ ಗಂಟೆ ಹೆಜ್ಜೆ ಹಾಕಲು ತಾಯಿ ಹತ್ತಿರ ಹತ್ತಿರ ಎರಡು ದಿನ ಮಣ್ಣು ಹೊರಬೇಕು. ತಂಡ ಗೆದ್ದರೆ ಜಿಲ್ಲೆಗೆ ಹೋಗಬೇಕು, ಮತ್ತೆ ಅಷ್ಟೇ ಖರ್ಚು. ಮಗಳು ಗೆಲ್ಲಲಿ ಎಂದು ಬೇಡಿಕೊಳ್ಳಬೇಕೋ, ಸೋಲಲಿ ಎಂದೋ?

ಬಡ ತಾಯಂದಿರು ದುಡ್ಡಿಲ್ಲವೆಂದು ಹೇಳುವುದಿಲ್ಲ, ಗೆಳತಿಯರೇ. ಇದನ್ನು ಇಷ್ಟು ವರ್ಷದ ನೌಕರಿಯಲ್ಲಿ ಚೆನ್ನಾಗಿ ಕಂಡಿದ್ದೇನೆ. "ಮೇಡಮ್ಮೋರೆ, ನಮ್ಮುಡುಗಿಗೆ ಜರಾ ಬಂದೈತ್ರಿ, ಈ ಸಾರಿ ಬ್ಯಾಡ್ರಿ" ಎನ್ನುತ್ತಾರೆ. ಜ್ವರ ಸುಳ್ಳು, ಹುಡುಗಿ ಹಿಂದೆಯೇ ನಿಂತಿರುತ್ತಾಳೆ, ನೆಲ ನೋಡುತ್ತ. ಇನ್ನು ಕೆಲವರು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತುತ್ತಾರೆ. ಎಮ್ಮೆಗೆಂದು ಬರೆಸಿದ ಸಾಲ ಬೂಟಿಗೆ ಹೋಗುತ್ತದೆ. ತಾಳಜ್ಞಾನ ಚೆನ್ನಾಗಿರುವವಳು ಮನೆಯಲ್ಲಿ ಉಳಿದು, ದುಡ್ಡು ಕಟ್ಟಿದವಳು ಡ್ರಮ್ಮು ಹಿಡಿದಾಗ ಬ್ಯಾಂಡಿನ ಗತಿಯೂ ಅಷ್ಟಕ್ಕಷ್ಟೆ.

ಇದು ನಮ್ಮ ಬಡ ಸೀಮೆಯ ಪಾಡು ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಂಥ ಸಿರಿವಂತ ದೇಶದಲ್ಲೂ ಇದೇ ಕಥೆ ನಡೆದಿದೆ. ಅಲ್ಲಿ ಡ್ರಮ್ಮು ಕಹಳೆಗಳ ಯುವಕ ತಂಡಗಳನ್ನು ಮೊದಲು ನಡೆಸುತ್ತಿದ್ದದ್ದು ಯುದ್ಧದಿಂದ ಮರಳಿದ ಸೈನಿಕರ ಸಂಘಗಳು, ಚರ್ಚುಗಳು, ಸ್ಕೌಟು ದಳಗಳು. ಓಣಿಯ ಹುಡುಗರು ಸಂಜೆಗೆ ಸೇರಿ ಬಾರಿಸುತ್ತಿದ್ದರು, ವಾದ್ಯ ಸಂಘದ್ದು. 1971ರಲ್ಲಿ ದೊಡ್ಡ ತಂಡಗಳು ಕೂಡಿ ಡ್ರಮ್ ಕಾರ್ಪ್ಸ್ ಇಂಟರ್‌ನ್ಯಾಷನಲ್ ಎಂಬ ತಮ್ಮದೇ ಸಂಸ್ಥೆ ಕಟ್ಟಿಕೊಂಡವು. 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆಯಿತು. ಕಲೆ ಬೆಳೆಯಿತು, ಕಣ್ಣು ಕುಕ್ಕುವಂತೆ ಬೆಳೆಯಿತು. ಬೇಸಿಗೆಯಿಡೀ ಬಸ್ಸಿನಲ್ಲಿ ದೇಶ ಸುತ್ತುವ ತಂಡಗಳಿಗೆ ಡೀಸೆಲು, ಅಡುಗೆ, ತರಬೇತುದಾರರ ಸಂಬಳ, ವರ್ಷಕ್ಕೊಂದು ಹೊಸ ವೇಷ. ಈಗ ಅಲ್ಲಿನ ಹಲವು ಮೇಲ್ದರ್ಜೆಯ ತಂಡಗಳಲ್ಲಿ ಒಂದು ಬೇಸಿಗೆಗೆ ಒಬ್ಬ ಹುಡುಗ ಕಟ್ಟುವ ಹಣ ಐದು ಸಾವಿರ ಡಾಲರ್ ದಾಟುತ್ತದೆ, ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷಕ್ಕೂ ಮೇಲೆ. ಹಿಂದೆ ನೂರಾರಿದ್ದ ಓಣಿಯ ತಂಡಗಳು ಬಹುಪಾಲು ಅಳಿದುಹೋದವು.

ಎರಡೂ ಕಡೆ ಆದದ್ದು ಒಂದೇ. ಖರ್ಚು ಏರಿತು ಎನ್ನುವುದು ಅರ್ಧ ಮಾತು. ಡೊಳ್ಳಿಗೂ ಖರ್ಚಿತ್ತು, ದಂಡಿನ ಬ್ಯಾಂಡಿಗೂ ಖರ್ಚಿತ್ತು. ಉಳಿದರ್ಧ ಮಾತೆಂದರೆ, ಖರ್ಚು ಕೈ ಬದಲಾಯಿಸಿತು. ಊರು, ಸಂಘ, ಶಾಲೆ ಕೂಡಿ ಹೊರುತ್ತಿದ್ದ ಗಂಟನ್ನು ಇಳಿಸಿ ಒಂದೊಂದು ಮನೆಯ ತಾಯಿಯ ತಲೆಯ ಮೇಲೆ ಇಟ್ಟರು. ಜಾತಿಯ ಬೇಲಿಯನ್ನು ಮುರಿದ ಬ್ಯಾಂಡಿನ ಸುತ್ತ ಈಗ ದುಡ್ಡಿನ ಬೇಲಿ ಎದ್ದಿದೆ.

ಇದನ್ನು ತೆಗೆಯುವುದು ಕಷ್ಟದ ಕೆಲಸವಲ್ಲ. 2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಸ್.ಡಿ.ಎಂ.ಸಿ. ಇದೆ, ಅದರಲ್ಲಿ ತಾಯಂದಿರಿದ್ದಾರೆ. ಸಭೆಗೆ ಹೋಗಿ ಸಹಿ ಹಾಕಿ ಬರುವುದರ ಬದಲು ಎರಡು ಮಾತು ಕೇಳಬಹುದು: ವಾದ್ಯ, ಉಡುಪು ಶಾಲೆಯ ಆಸ್ತಿಯಾಗಿರಲಿ, ಒಂದು ಬ್ಯಾಚಿನವರು ತೊಟ್ಟದ್ದನ್ನು ಮುಂದಿನವರೂ ತೊಡಲಿ. ಸ್ಪರ್ಧೆ ನಡೆಸುವವರು ಸಮವಸ್ತ್ರದಲ್ಲೇ ಬರಬೇಕೆಂದು ನಿಯಮ ಮಾಡಲಿ. ಸರ್ಕಾರ ಪುಕ್ಕಟೆ ಕೊಡುವ ಸಮವಸ್ತ್ರ ಮತ್ತೇಕಿದೆ? ಬಾಡಿಗೆಯ ಜರಿಗೆ ಕೊಡುವ ಹಣದಲ್ಲಿ ಎರಡು ವರ್ಷಕ್ಕೊಂದು ಡೊಳ್ಳನ್ನು ಶಾಲೆಗೇ ಮಾಡಿಸಬಹುದು. ಕೈಯಿಂದ ಮಾಡಿದ ದೇಶೀ ವಾದ್ಯಗಳಿಗೆ 2017ರ ಜಿ.ಎಸ್.ಟಿ.ಯಲ್ಲೇ ತೆರಿಗೆ ಬಿಟ್ಟಿದ್ದಾರೆ. 2024ರ ಗಣರಾಜ್ಯೋತ್ಸವದ ಪೆರೇಡನ್ನು ಆರಂಭಿಸಿದವರು ಶಂಖ, ನಾದಸ್ವರ, ನಗಾರಿ ಹಿಡಿದ ನೂರಕ್ಕೂ ಹೆಚ್ಚು ಮಂದಿ ಹೆಂಗಸರು. ದೆಹಲಿಯಲ್ಲಿ ನಗಾರಿ ಹಿಡಿಯಬಹುದಾದರೆ ಕುಡತಿನಿಯಲ್ಲಿ ಡೊಳ್ಳು ಹಿಡಿಯಲು ಯಾರ ಅಡ್ಡಿ?

ಇಷ್ಟಾದರೂ ಆದರೆ, ಮುಂದಿನ ಸಲ ತಂಡ ಆರಿಸುವಾಗ ಯಾವ ಹುಡುಗಿಗೂ ಇಲ್ಲದ ಜ್ವರ ಬರಲಾರದು.