ಸಿ.ಡಿ.ಯಲ್ಲೇ ಉಳಿದ ಕನ್ನಡ

ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ನಮ್ಮ ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ಕುಳಿತಿದ್ದವರಿಗೆ ಒಂದು ಸಂದೇಶ ಇನ್ನೂ ನೆನಪಿರಬೇಕು. ವಿಂಡೋಸ್ ಎಕ್ಸ್‌ಪಿಯ ಸಿ.ಡಿ.ಯನ್ನು ಹಾಕಿ, ಅನಂತರ ಸರಿ ಎಂಬ ಗುಂಡಿಯನ್ನು ಒತ್ತಿ ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ನೀವೆಲ್ಲ ನನ್ನ ಮುಖ ನೋಡುತ್ತಿದ್ದಿರಿ. ಸಿ.ಡಿ. ನನ್ನ ಬಳಿಯೂ ಇರುತ್ತಿರಲಿಲ್ಲ! ಆ ಸಂದೇಶದ ಹಿಂದೆ ಒಂದು ಸಣ್ಣ ಚರಿತ್ರೆಯಿದೆ. ಕನ್ನಡ ಗಣಕಯಂತ್ರಕ್ಕೆ ಯಾವಾಗ ಬಂತು ಎಂಬುದನ್ನು ಬಲ್ಲವರು ಬರೆದಿದ್ದಾರೆ. ಬಂದ ಕನ್ನಡ ನಮ್ಮ ಸೀಮೆಯ ಯಂತ್ರಗಳಲ್ಲಿ ಏಕೆ ಕಾಣಿಸಲಿಲ್ಲ ಎಂಬುದನ್ನು ಬರೆದವರು ಕಡಿಮೆ.

ಹೊರದೇಶಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮೊಮ್ಮಕ್ಕಳಿಗಾಗಿ ಒಂದು ಮಾತು. ಬ್ಲಫ್ ಎಂದರೆ ಬುರುಡೆ ಬಿಡುವುದಲ್ಲ. ಇಲ್ಲಿ ಅದು ಕಡಿದಾದ ಬಂಡೆಯಂಚು ಎಂಬ ಅರ್ಥದ ಇಂಗ್ಲಿಷ್ ಪದ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುದಾಗಾರದ ಮಗ್ಗುಲಲ್ಲಿರುವ ನಮ್ಮ ಊರಿಗೆ ಆ ಹೆಸರೇ ನಿಂತುಹೋಯಿತು. 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಹೋಯಿತು. ಸುತ್ತಲಿನ ಹಳ್ಳಿಯ ಮನೆಗಳಿಗೆ ಬಂದದ್ದು ಬಹಳ ತಡವಾಗಿ. ಮನೆಯ ಪಕ್ಕದಲ್ಲೇ ಇದ್ದರೂ ಕೈಗೆ ಸಿಗದ ವಸ್ತುವಿನ ಪರಿಚಯ ನಮ್ಮ ಊರಿನವರಿಗೆ ಹಳೆಯದು ಎಂದು ಹೇಳಲು ಇದನ್ನು ಬರೆದೆ.

ನಮ್ಮ ಶಾಲೆಗೆ ಬಂದ ಮೊದಲ ಯಂತ್ರಗಳಲ್ಲಿ ಇದ್ದದ್ದು ವಿಂಡೋಸ್ 98. ಸರ್ಕಾರ ಸಾವಿರ ಪ್ರೌಢಶಾಲೆಗಳಿಗೆ ಗಣಕಯಂತ್ರ ಕೊಡುವ ಮಾಹಿತಿ ಸಿಂಧು ಯೋಜನೆಯನ್ನು ಕೈಗೊಂಡಿದ್ದ ಕಾಲ ಅದು. ವಿಂಡೋಸ್ 98ಕ್ಕೆ ಕನ್ನಡ ಎಂಬ ಲಿಪಿಯೊಂದಿದೆ ಎಂಬುದೇ ಗೊತ್ತಿರಲಿಲ್ಲ. ಆದರೂ ನಾವು ಅದರಲ್ಲಿ ಕನ್ನಡ ಬರೆದೆವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಬಂದಿತ್ತು; ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು; ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ಬೆರಳಿಗೆ ಹತ್ತಿತ್ತು. ಇವು ಅಕ್ಷರಶೈಲಿಯ ಕಡತಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯೊಳಗೆ ಕನ್ನಡದ ಚಿತ್ರವನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಯಂತ್ರದ ಮಟ್ಟಿಗೆ ನಾವು ಬರೆಯುತ್ತಿದ್ದುದು ಇಂಗ್ಲಿಷೇ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ನುಡಿಯ ಕಡತವನ್ನು ತೆರೆದರೆ ‘ಕ’ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟೆಳೆದುಕೊಂಡ ಎ ನಿಂತಿರುತ್ತಿದ್ದವು. ಆದರೆ ಒಂದು ಅನುಕೂಲವಿತ್ತು. ಫ್ಲಾಪಿಯಲ್ಲಿ ತಂದ ಅಕ್ಷರಶೈಲಿಯನ್ನು ನಕಲು ಮಾಡಿಕೊಂಡರೆ ಆಯಿತು, ಯಾವ ಸಿ.ಡಿ.ಯನ್ನೂ ಯಾರೂ ಕೇಳುತ್ತಿರಲಿಲ್ಲ.

ನಿಜವಾದ ಕನ್ನಡಕ್ಕೆ ಜಾಗತಿಕ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ 1991ರಲ್ಲೇ ಸ್ಥಾನ ಸಿಕ್ಕಿತ್ತು. ಮೈಕ್ರೋಸಾಫ್ಟ್ ತನ್ನ ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳಿಗೆ ಮಾತ್ರ ಬಾಗಿಲು ತೆರೆಯಿತು. 2001ರ ಅಕ್ಟೋಬರ್ 25ರಂದು ಹೊರಬಂದ ಎಕ್ಸ್‌ಪಿಯಲ್ಲಿ ತೆಲುಗು, ಗುಜರಾತಿ, ಗುರುಮುಖಿಗಳೊಡನೆ ಕನ್ನಡವೂ ಬಂತು. ಕನ್ನಡದ ಅಕ್ಷರಶೈಲಿಗೆ ತುಂಗಾ ಎಂದು ಹೆಸರಿಟ್ಟರು. ತೆಲುಗಿನದು ಗೌತಮಿ, ಗುರುಮುಖಿಯದು ರಾವಿ, ಎಲ್ಲವೂ ನದಿಗಳು. ಕಾವೇರಿಯ ದಡದಲ್ಲಿ ಕುಳಿತ ನಮಗೆ ತುಂಗೆಯ ಮೇಲೆ ಹೊಟ್ಟೆಕಿಚ್ಚೇನೂ ಇರಲಿಲ್ಲ, ಅವಳು ಬಂದಿದ್ದರೆ ಸಾಕಾಗಿತ್ತು.

ಅವಳು ಬಂದಿದ್ದಳು, ಆದರೆ ಒಳಗೆ ಬಂದಿರಲಿಲ್ಲ. ಎಕ್ಸ್‌ಪಿಯನ್ನು ಅನುಸ್ಥಾಪಿಸಿದಾಗ ತುಂಗಾ ಅಕ್ಷರಶೈಲಿಯಾಗಲಿ, ಒತ್ತಕ್ಷರಗಳನ್ನು ಜೋಡಿಸುವ ವ್ಯವಸ್ಥೆಯಾಗಲಿ ಡಿಸ್ಕಿಗೆ ಇಳಿದು ಕೆಲಸಕ್ಕೆ ತೊಡಗುತ್ತಿರಲಿಲ್ಲ. ನಿಯಂತ್ರಣ ಫಲಕಕ್ಕೆ ಹೋಗಿ, ಪ್ರಾದೇಶಿಕ ಮತ್ತು ಭಾಷಾ ಆಯ್ಕೆಗಳನ್ನು ತೆರೆದು, ಸಂಕೀರ್ಣ ಲಿಪಿಗಳು ಹಾಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು ಎಂಬ ಚೌಕಕ್ಕೆ ಗುರುತು ಹಾಕಬೇಕಾಗಿತ್ತು. ಕನ್ನಡ ಎಂಬ ಹೆಸರು ಆ ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಥಾಯ್ ಭಾಷೆಯ ಹೆಸರಿತ್ತು. ಬ್ಲಫ್‌ನಲ್ಲಿ ಕುಳಿತ ಮೇಷ್ಟರಿಗೆ ತನ್ನ ಭಾಷೆ ಥಾಯ್ ಮತ್ತು ಅರಬ್ಬಿಯ ಸಾಲಿನ ಕೆಳಗೆ ಅಡಗಿದೆ ಎಂದು ಹೊಳೆಯುವುದಾದರೂ ಹೇಗೆ? ಗುರುತು ಹಾಕಿದರೆ ಬೇಕಾಗುವ ಜಾಗ ಸುಮಾರು 10 ಎಂಬಿ ಎಂದು ಅಲ್ಲೇ ತಿಳಿಸುತ್ತಿತ್ತು. ಎಕ್ಸ್‌ಪಿಗೆ ಡಿಸ್ಕಿನಲ್ಲಿ 1.5 ಜಿಬಿ ಬೇಕಾಗಿತ್ತು. ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗಕ್ಕಾಗಿ ಭಾರತದ ಲಿಪಿಗಳನ್ನೆಲ್ಲ ಹೊರಗೆ ನಿಲ್ಲಿಸಿದ್ದರು. ಅರಬ್ಬಿ, ಹೀಬ್ರೂ, ಥಾಯ್ ಭಾಷೆಗಳಿಗಾಗಿಯೇ ಮಾಡಿದ ಎಕ್ಸ್‌ಪಿಯಲ್ಲಿ ಈ ಗುರುತು ತಾನಾಗಿಯೇ ಬಿದ್ದಿರುತ್ತಿತ್ತು. ನಮಗೆ ಮಾರಾಟವಾಗುತ್ತಿದ್ದುದು ಇಂಗ್ಲಿಷ್ ಆವೃತ್ತಿ. ತಂತ್ರದ ಅಡ್ಡಿ ಇಲ್ಲಿ ಯಾವುದೂ ಇರಲಿಲ್ಲ, ಯಾರಿಗೆ ಬೇಕು ಎಂಬ ಊಹೆಯೊಂದೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಗುರುತು ಹಾಕಿದ ಮೇಲೆ ಬರುತ್ತಿದ್ದುದೇ ಸಿ.ಡಿ. ಹಾಕಿ ಎಂಬ ಆ ಸಂದೇಶ. ಸಿ.ಡಿ.ಯೊಳಗೆ ಐ386 ಎಂಬ ಕಡತಕೋಶವಿರುತ್ತದೆ, ತುಂಗೆಯ ವಾಸ ಅಲ್ಲಿ. ಪಟ್ಟಣದ ಅಂಗಡಿಯಲ್ಲಿ ಯಂತ್ರ ಕೊಂಡವರಿಗೆ ಸಿ.ಡಿ. ಕೊಡುವ ಪದ್ಧತಿ ಕಡಿಮೆ. ಅಂಗಡಿಯವನು ಒಂದು ಯಂತ್ರವನ್ನು ಸಿದ್ಧಪಡಿಸಿ, ಅದರ ಡಿಸ್ಕಿನ ಪೂರ್ಣ ಪ್ರತಿಬಿಂಬವನ್ನು ತೆಗೆದು, ಉಳಿದ ಯಂತ್ರಗಳಿಗೆಲ್ಲ ಅದನ್ನೇ ಸುರಿಯುತ್ತಿದ್ದ. ಘೋಸ್ಟ್ ಎಂಬ ತಂತ್ರಾಂಶದಿಂದ ಮಾಡುತ್ತಿದ್ದುದರಿಂದ ಅದಕ್ಕೆ ‘ದೆವ್ವ ಹೊಡೆಯುವುದು’ ಎಂದು ನಮ್ಮ ಹುಡುಗರು ಹೆಸರಿಟ್ಟಿದ್ದರು. ಮೂಲ ಯಂತ್ರದಲ್ಲಿ ಕನ್ನಡದ ಗುರುತು ಹಾಕಿರದಿದ್ದರೆ ಅದರ ಮಕ್ಕಳು ಮೊಮ್ಮಕ್ಕಳಲ್ಲಿ ಯಾವುದಕ್ಕೂ ಕನ್ನಡವಿಲ್ಲ. ತಾನೇ ಉತ್ತರ ಹೇಳಿಕೊಂಡು ನಡೆಯುವ ಅನುಸ್ಥಾಪನೆಗೆ ಒಂದು ಉತ್ತರ ಕಡತವಿರುತ್ತದೆ. ಅದರಲ್ಲಿ ಭಾಷಾಗುಂಪು 15 ಎಂದು ಒಂದು ಸಾಲು ಬರೆದಿದ್ದರೆ ಭಾರತೀಯ ಲಿಪಿಗಳೆಲ್ಲ ತಾವಾಗಿ ಇಳಿಯುತ್ತಿದ್ದವು. ಆ ಒಂದು ಸಾಲನ್ನು ಬರೆದವರನ್ನು ನಾನು ಮಂಡ್ಯದಲ್ಲಿ ಕಾಣಲಿಲ್ಲ, ಮದ್ದೂರಿನಲ್ಲೂ ಕಾಣಲಿಲ್ಲ.

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಗಿತ್ತು. ಅದನ್ನು ಮಕ್ಕಳಿಗೆ ತೋರಿಸೋಣವೆಂದರೆ ಪರದೆಯ ತುಂಬ ಖಾಲಿ ಚೌಕಗಳು. ಬೇರೆ ಯಂತ್ರದಿಂದ ತುಂಗೆಯನ್ನು ಮಾತ್ರ ನಕಲು ಮಾಡಿ ತಂದರೆ ಕೆಲವು ತಂತ್ರಾಂಶಗಳಲ್ಲಿ ಅಕ್ಷರ ಮೂಡಿದರೂ ಒತ್ತು ಕೂಡುತ್ತಿರಲಿಲ್ಲ. ‘ಅಮ್ಮ’ ಎಂದು ಬರೆದರೆ ‘ಅಮ್‌ಮ’ ಎಂದು ಕಾಣುತ್ತಿತ್ತು. ಕಾಗುಣಿತ ತಿದ್ದಿಯೇ ಕೂದಲು ನರೆತ ನನಗೆ ಯಂತ್ರಕ್ಕೂ ಒತ್ತಕ್ಷರ ಹೇಳಿಕೊಡುವ ಗ್ರಹಚಾರ ಬಂತು!

ಕೊನೆಗೆ ಸಿ.ಡಿ.ಯೊಂದು ದೊರೆಯಿತೆನ್ನಿ. 2004ರ ಆಗಸ್ಟಿನಲ್ಲಿ ಎಕ್ಸ್‌ಪಿಗೆ ಎರಡನೆಯ ಸೇವಾ ಕಂತು ಬಂದಿತ್ತು. ಯಂತ್ರದಲ್ಲಿ ಎರಡನೆಯ ಕಂತು, ಕೈಯಲ್ಲಿ ಹಳೆಯ ಸಿ.ಡಿ.; ಇದು ಆ ಸಿ.ಡಿ. ಅಲ್ಲ ಎಂದು ಯಂತ್ರದ ಹಟ. ಇದಕ್ಕೆ ಪರಿಹಾರವಿತ್ತು. ಹಳೆಯ ಸಿ.ಡಿ.ಯನ್ನು ಡಿಸ್ಕಿಗೆ ನಕಲು ಮಾಡಿ, ಸೇವಾ ಕಂತನ್ನು ಆ ಕಡತಗಳೊಳಗೆ ಬೆರೆಸಿ, ಹೊಸ ಸಿ.ಡಿ.ಯನ್ನು ಸುಡುವುದು. ಯಂತ್ರ ಹೊತ್ತುವಾಗ ಮೊದಲು ಓದುವ ಚೂರನ್ನೂ ಸಿ.ಡಿ.ಗೆ ಸೇರಿಸದಿದ್ದರೆ ಅದು ಬರಿಯ ತಟ್ಟೆ. ಹತ್ತನೆಯ ತರಗತಿ ಮುಗಿಸಿ ಮಳವಳ್ಳಿಯಲ್ಲಿ ಓದುತ್ತಿದ್ದ ಇಬ್ಬರು ಹುಡುಗರು ಎರಡು ಭಾನುವಾರ ಕುಳಿತು ಇದನ್ನು ಸಾಧಿಸಿದರು. ಆ ತಟ್ಟೆಯ ಮೇಲೆ ಮಸಿಯಿಂದ ‘ಕನ್ನಡ’ ಎಂದಷ್ಟೇ ಬರೆದು ನನ್ನ ಮೇಜಿನ ಸೆಳೆಖಾನೆಯಲ್ಲಿ ಇಟ್ಟೆವು. ಬಳಿಕ ಐ386 ಕೋಶವನ್ನು ಪ್ರತಿ ಯಂತ್ರದ ಡಿಸ್ಕಿಗೇ ಹಾಕಿಕೊಂಡೆವು, ಸುಮಾರು ಅರ್ಧ ಜಿಬಿ ಹಿಡಿಯುತ್ತಿತ್ತು. ಅಲ್ಲಿಂದಾಚೆಗೆ ಸಿ.ಡಿ. ಕೇಳಿದಾಗಲೆಲ್ಲ ಆ ಕೋಶದ ದಾರಿ ತೋರಿಸಿದರೆ ಸಾಕಾಗಿತ್ತು.

ವಿದ್ಯುತ್ತಿನ ಮಾತನ್ನೂ ಹೇಳಬೇಕು. ಎಕ್ಸ್‌ಪಿಯ ಅನುಸ್ಥಾಪನೆಯಲ್ಲಿ ನೀಲಿ ಪರದೆಯ ಮೇಲೆ ಕಡತಗಳು ನಕಲಾಗುವ ಮೊದಲ ಘಟ್ಟ, ಆಮೇಲೆ ಇನ್ನು 39 ನಿಮಿಷ ಎಂದು ತೋರಿಸುವ ಎರಡನೆಯ ಘಟ್ಟ. ಎರಡನೆಯದರಲ್ಲಿ ಕರೆಂಟು ಹೋದರೆ ಸಾಮಾನ್ಯವಾಗಿ ಬಂದ ಮೇಲೆ ಮುಂದುವರಿಯುತ್ತಿತ್ತು. ಮೊದಲನೆಯದರಲ್ಲಿ ಹೋದರೆ ಮತ್ತೆ ಓಂನಾಮ. ಕಾಲಿನ ಕೆಳಗೇ ಟರ್ಬೈನು ತಿರುಗುತ್ತಿದ್ದರೂ ಕೊಠಡಿಯಲ್ಲಿ ಕತ್ತಲು ಕವಿದಾಗ ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಗಲಾರದ ಸಂಗತಿಯೂ ಒಂದಿದೆ. 2002ರಲ್ಲಿ ವಿದ್ಯುದಾಗಾರಕ್ಕೆ ನೂರು ತುಂಬಿತು. ಆ ವರ್ಷ ಒಂಬತ್ತನೆಯ ತರಗತಿಯ ಮಕ್ಕಳು ಕಾಲೋನಿಯ ಹಿರಿಯರನ್ನು ಮಾತಾಡಿಸಿದರು. ಕಣಿವೆಗೆ ಇಳಿಯುವ ಟ್ರಾಲಿಯಲ್ಲಿ ನಿತ್ಯ ಓಡಾಡಿದವರು, ಕಾಲುವೆಯ ತೂಬುಗಳನ್ನು ಕಾದವರು, 1940ರಲ್ಲಿ ಶಿಂಷಾ ವಿದ್ಯುದಾಗಾರ ಆರಂಭವಾದುದನ್ನು ಹುಡುಗರಾಗಿ ಕಂಡವರು ಅವರಲ್ಲಿದ್ದರು. ಮಕ್ಕಳು ಅದನ್ನೆಲ್ಲ ನುಡಿಯಲ್ಲಿ ಬೆರಳಚ್ಚು ಮಾಡಿದರು. 2005ರಲ್ಲಿ ಯಂತ್ರಗಳು ಪದೇ ಪದೇ ನಿಲ್ಲುತ್ತವೆಂದು ದೂರು ಕೊಟ್ಟಾಗ ದುರಸ್ತಿಗೆ ಬಂದಾತ, ಏನಿದೆ ಏನಿಲ್ಲ ಎಂದು ಯಾರನ್ನೂ ಕೇಳದೆ, ತಾನು ತಂದ ಪ್ರತಿಬಿಂಬವನ್ನು ಎಲ್ಲ ಡಿಸ್ಕುಗಳ ಮೇಲೂ ಸುರಿದು ಹೋದ. ಎರಡು ಯಂತ್ರಗಳ ತಾಯಿಹಲಗೆ ಬೇರೆ ಬಗೆಯದಾಗಿತ್ತು. ಡಿಸ್ಕಿನ ನಿಯಂತ್ರಕಕ್ಕೆ ಬೇಕಾದ ಚಾಲಕ ಆ ಪ್ರತಿಬಿಂಬದಲ್ಲಿ ಇರಲಿಲ್ಲವಾಗಿ 7ಬಿ ಎಂದು ಕೊನೆಗೊಳ್ಳುವ ಸಂಖ್ಯೆಯನ್ನು ನೀಲಿ ಪರದೆಯ ಮೇಲೆ ತೋರಿಸಿ ಅವು ನಿಂತವು. ಉಳಿದವು ಎದ್ದವು. ಆದರೆ ಎಲ್ಲಕ್ಕೂ ಒಂದೇ ಹೆಸರು. ಜಾಲದಲ್ಲಿ ಇದೇ ಹೆಸರಿನ ಇನ್ನೊಂದು ಯಂತ್ರವಿದೆ ಎಂದು ಒಂದನ್ನೊಂದು ದೂರುತ್ತಿದ್ದವು. ಅವುಗಳಿಗೆ ಬೇರೆ ಬೇರೆ ಹೆಸರಿಡುವುದು ಅರ್ಧ ಗಂಟೆಯ ಕೆಲಸ. ಹಿರಿಯರ ಮಾತುಗಳು ಮಾತ್ರ ಹಿಂದಿರುಗಲಿಲ್ಲ. ಮುದ್ರಿಸಿಕೊಂಡಿದ್ದ ಐದಾರು ಮಂದಿಯ ಮಾತುಗಳು ಈಗಲೂ ನನ್ನ ಬಳಿ ಇವೆ. ಉಳಿದವರನ್ನು ಮತ್ತೆ ಕೇಳೋಣವೆಂದು ಹೊರಟಾಗ ಕೆಲವರು ತೀರಿಕೊಂಡಿದ್ದರು, ಕೆಲವರು ಮಕ್ಕಳ ಊರು ಸೇರಿದ್ದರು.

ಇದೇ ಕಾಲದಲ್ಲಿ ಬೇರೊಂದು ದಾರಿಯೂ ತೆರೆದಿತ್ತು. 2005ರಿಂದ 2011ರವರೆಗೆ ಉಬುಂಟುವಿನವರು ಕೇಳಿದವರಿಗೆಲ್ಲ ಅಂಚೆಯಲ್ಲಿ ಉಚಿತವಾಗಿ ಸಿ.ಡಿ. ಕಳುಹಿಸುತ್ತಿದ್ದರು. ಹಾಗೆ ಬಂದ ತಟ್ಟೆಯನ್ನು ಎಷ್ಟು ಜನಕ್ಕೆ ಬೇಕಾದರೂ ನಕಲು ಮಾಡಿ ಕೊಡಬಹುದಿತ್ತು, ಅದು ಕಳ್ಳತನವಲ್ಲ. ಲೋಹಿತ್, ಆಮೇಲೆ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಲಿನಕ್ಸಿನ ಭಂಡಾರಕ್ಕೆ ಸೇರಿದವು. ಮುದ್ರಣಯಂತ್ರವನ್ನು ಒಪ್ಪಿಸುವುದು ಕಷ್ಟವಾಗಿತ್ತು, ಪರೀಕ್ಷೆಯ ಕಾಲದಲ್ಲಿ ಅದೇ ಮುಖ್ಯವಾಗಿ ನಾವು ಎಕ್ಸ್‌ಪಿಗೆ ಮರಳಿದೆವು.

2007ರ ಜನವರಿಯಲ್ಲಿ ಬಂದ ವಿಸ್ಟಾದಲ್ಲಿ ಕನ್ನಡ ಮೊದಲ ಬಾರಿಗೆ ಕೇಳದೆಯೇ ಸಿಕ್ಕಿತು. ಚೌಕವಿಲ್ಲ, ಗುರುತಿಲ್ಲ. ಸ್ವಾರಸ್ಯವೆಂದರೆ ಅನುಸ್ಥಾಪನೆಯ ವಿಧಾನವೇ ಆಗ ಬದಲಾಯಿತು. ಐ386ರ ಸಾವಿರಾರು ಬಿಡಿ ಕಡತಗಳ ಬದಲು ಡಿ.ವಿ.ಡಿ.ಯಲ್ಲಿ ಒಂದೇ ದೊಡ್ಡ ಪ್ರತಿಬಿಂಬ. ಅದನ್ನು ಡಿಸ್ಕಿಗೆ ಸುರಿಯುವುದು. ನಮ್ಮ ಅಂಗಡಿಯವನ ದೆವ್ವದ ವಿದ್ಯೆಯನ್ನೇ ಕಂಪನಿ ಶಾಸ್ತ್ರೋಕ್ತವಾಗಿ ಮಾಡಿದಂತಾಯಿತು. 2009ರ ವಿಂಡೋಸ್ 7ರೊಡನೆ ಡಿಸ್ಮ್ ಎಂಬ ಸಾಧನ ಬಂತು. ಪ್ರತಿಬಿಂಬವನ್ನು ಬಿಚ್ಚಿ, ಚಾಲಕವನ್ನೋ ಭಾಷೆಯನ್ನೋ ಸೇರಿಸಿ, ಮತ್ತೆ ಮುಚ್ಚುವ ಕೆಲಸ ಅದರದು. 2005ರಲ್ಲಿ ನಮ್ಮ ಎರಡು ಯಂತ್ರಗಳು ಬಯಸಿದ್ದುದು ಇಂಥದ್ದನ್ನೇ.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. 2012ರ ವಿಂಡೋಸ್ 8ರಲ್ಲಿ ನಿರ್ಮಲಾ ಎಂಬ ಹೊಸ ಅಕ್ಷರಶೈಲಿ ಭಾರತದ ಹಲವು ಲಿಪಿಗಳನ್ನು ಒಟ್ಟಿಗೆ ಹೊತ್ತು ಬಂತು. 2015ರ ಜುಲೈ 29ರಂದು ಬಂದ ವಿಂಡೋಸ್ 10ರಲ್ಲಿ ತುಂಗೆಯನ್ನು ಪುನಃ ಹೊರಕ್ಕೆ ಕಳುಹಿಸಿ, ‘ಕನ್ನಡ ಪೂರಕ ಅಕ್ಷರಶೈಲಿಗಳು’ ಎಂಬ ಐಚ್ಛಿಕ ಗಂಟಿನಲ್ಲಿ ಕಟ್ಟಿಟ್ಟರು. ಕನ್ನಡ ಓದಲು ಬರೆಯಲು ಇದರಿಂದ ತೊಂದರೆಯಿಲ್ಲ, ನಿರ್ಮಲಾ ಯಾವಾಗಲೂ ಇದ್ದಾಳೆ. ಆದರೆ ತುಂಗೆಯಲ್ಲಿ ಪುಟ ಕಟ್ಟಿದ ಹಳೆಯ ಕಡತಗಳ ಸಾಲುಗಳು ಜರುಗುತ್ತವೆ, ಕೋಷ್ಟಕಗಳು ಒಡೆಯುತ್ತವೆ. ಶಾಲೆಯ ಹಳೆಯ ಸ್ಮರಣ ಸಂಚಿಕೆಯನ್ನು ತೆರೆದು ಏಕೆ ಹೀಗೆ ಎಂದು ನಿಮ್ಮಲ್ಲಿ ಕೆಲವರು ಮಿಂಚಂಚೆ ಬರೆದಿದ್ದೀರಿ, ಕಾರಣ ಇಷ್ಟೇ.

ಮನೆಯ ಯಂತ್ರದಲ್ಲಾದರೆ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿ, ಅಂತರ್ಜಾಲದಿಂದ ಗಂಟು ತಾನಾಗಿ ಬರುತ್ತದೆ. ಕಚೇರಿಯ ಯಂತ್ರದಲ್ಲಿ ನವೀಕರಣಗಳು ಒಳಗಿನ ಸರ್ವರಿನಿಂದ ಬರುತ್ತಿದ್ದರೆ, ಅಲ್ಲಿ ಈ ಗಂಟು ಇಲ್ಲದೆ 0954 ಎಂದು ಮುಗಿಯುವ ದೋಷಸಂಖ್ಯೆ ಕಾಣಬಹುದು. ಐಚ್ಛಿಕ ಭಾಗಗಳನ್ನು ನೇರವಾಗಿ ಮೈಕ್ರೋಸಾಫ್ಟಿನಿಂದ ಪಡೆಯಲು ಅನುಮತಿಸುವ ಗುಂಪು ನೀತಿಯೊಂದಿದೆ, ಅದನ್ನು ತೆರೆಯುವಂತೆ ನಿಮ್ಮ ತಂತ್ರಜ್ಞರನ್ನು ಕೇಳಿ. 081ಎಫ್ ಎಂದು ಮುಗಿದರೆ ಮೂಲ ಕಡತಗಳು ಸಿಗಲಿಲ್ಲ ಎಂದು ಅರ್ಥ. ಅನುಸ್ಥಾಪನೆಯ ಮಾಮೂಲಿ ಪ್ರತಿಬಿಂಬವನ್ನು ತೋರಿಸಿ ಪ್ರಯೋಜನವಿಲ್ಲ, ತುಂಗೆ ಈಗ ಅದರೊಳಗೂ ಇಲ್ಲ. ಐಚ್ಛಿಕ ಭಾಗಗಳ ಪ್ರತ್ಯೇಕ ತಟ್ಟೆ ಬೇಕು, ಅದೂ ನಿಮ್ಮ ವಿಂಡೋಸಿನ ಆವೃತ್ತಿಗೆ ಹೊಂದುವಂಥದ್ದೇ ಆಗಬೇಕು. ಆವೃತ್ತಿ ಬೇರೆಯಾದರೆ ಅದೇ ಸಂಖ್ಯೆ ಮತ್ತೆ ಬರುತ್ತದೆ. 2004ರ ಹಳೆಯ ಸಿ.ಡಿ.ಯ ಜಗಳ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನುಡಿಯಲ್ಲಿ ಬರೆದ ಕಡತಗಳಿಗೆ ಇದಾವುದೂ ತಟ್ಟುವುದಿಲ್ಲ. ಅವಕ್ಕೆ ನುಡಿಯ ಅಕ್ಷರಶೈಲಿ ಬೇಕು, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಿಸುವ ಸಾಧನ ನನ್ನ ಯಂತ್ರದಲ್ಲಿದೆ. 2002ರ ಆ ಒಂಬತ್ತನೆಯ ತರಗತಿಯವರಲ್ಲಿ ಯಾರಾದರೂ ತಾವು ಬೆರಳಚ್ಚು ಮಾಡಿದ ಪುಟಗಳನ್ನು ಮನೆಗೆ ಒಯ್ದಿದ್ದರೆ ದಯವಿಟ್ಟು ಹುಡುಕಿ ನೋಡಿ. ಕಾಗದವಾದರೂ ಸರಿ, ಫ್ಲಾಪಿಯಾದರೂ ಸರಿ. ಫ್ಲಾಪಿ ಓದುವ ಪೆಟ್ಟಿಗೆಯೊಂದನ್ನು ಇನ್ನೂ ಇಟ್ಟುಕೊಂಡಿದ್ದೇನೆ.